ಗೇಣುದ್ದದ ರೇಸ್ ಕಾರು



ಇವತ್ತು ನಿಮಗೆ ಒಂದು ಕಾರು ಕಟ್ಟುವ ಕ್ರಮವನ್ನು ಹೇಳಬೇಕೆಂದಿದ್ದೇನೆ. ಗಾಬರಿಯಾಗಬೇಡಿ. ಇದಕ್ಕೆ ಗ್ಯಾರೇಜು ಬೇಡ, ಲೈಸೆನ್ಸು ಬೇಡ, ಪೆಟ್ರೋಲಂತೂ ಬೇಡವೇ ಬೇಡ. ಊಟದ ಮೇಜಿನ ಒಂದು ಮೂಲೆ, ಒಳ್ಳೆಯ ಬೆಳಕು, ಒಂದು ತಿಂಗಳ ತಾಳ್ಮೆ ಇದ್ದರೆ ಸಾಕು. ಕಟ್ಟಿ ಮುಗಿದಾಗ ಕಾರಿನ ಉದ್ದ ಒಂದು ಗೇಣಿಗೂ ಸ್ವಲ್ಪ ಕಡಿಮೆ.

ಆಟಿಕೆ ಅಂಗಡಿಯ ಕಾರು ತಯಾರಾಗಿಯೇ ಬರುತ್ತದೆ. ಮಗುವಿನ ಕೈಗೆ ಕೊಟ್ಟರೆ ಆಯಿತು. ಮಾದರಿ ಕಿಟ್ ಹಾಗಲ್ಲ. ಪೆಟ್ಟಿಗೆ ತೆರೆದರೆ ಕಾರೇ ಇರುವುದಿಲ್ಲ. ಪ್ಲಾಸ್ಟಿಕ್ಕಿನ ಚೌಕಟ್ಟುಗಳಲ್ಲಿ ಬಳ್ಳಿಗೆ ಕಾಯಿ ಹಿಡಿದ ಹಾಗೆ ಹಿಡಿದುಕೊಂಡಿರುವ ನೂರರ ಹತ್ತಿರ ಸಣ್ಣ ಭಾಗಗಳು, ರಬ್ಬರಿನ ನಾಲ್ಕು ಟಯರು, ಅಕ್ಷರಗಳಿರುವ ಒಂದು ತೆಳು ಹಾಳೆ, ಮಡಚಿಟ್ಟ ಒಂದು ಸೂಚನಾಪತ್ರ. ಉಳಿದದ್ದೆಲ್ಲ ನಿಮ್ಮ ಕೈಯಲ್ಲಿ.

ಕಿಟ್ಟುಗಳಲ್ಲಿ ಹಡಗು, ವಿಮಾನ, ಟ್ಯಾಂಕು ಹೀಗೆ ಹಲವು ಬಗೆ. ನಾನು ಹೇಳಹೊರಟಿರುವುದು ಹಳೆಯ ಒಂದು ಟೂರಿಂಗ್ ರೇಸ್ ಕಾರಿನ ಬಗ್ಗೆ. ಟೂರಿಂಗ್ ಕಾರು ಎಂದರೇನು ಎಂದು ಮೊದಲು ನೋಡೋಣ. ಫಾರ್ಮುಲಾ ಕಾರುಗಳನ್ನು ಟಿ.ವಿ.ಯಲ್ಲಿ ನೋಡಿರುತ್ತೀರಿ. ಚಕ್ರಗಳು ಹೊರಗೆ, ಒಬ್ಬನಿಗೆ ಮಾತ್ರ ಜಾಗ. ಅವು ರೇಸಿಗಾಗಿಯೇ ಹುಟ್ಟಿದವು. ಟೂರಿಂಗ್ ಕಾರು ಶೋರೂಮಿನಲ್ಲಿ ಮಾರುವ, ಮನೆಮಂದಿ ಕೂತು ಹೋಗುವ ಕಾರು. ಅದನ್ನೇ ಒಳಗೆ ಬರಿದು ಮಾಡಿ, ಕೊಳವೆಗಳ ಪಂಜರ ಕೂರಿಸಿ, ಇಂಜಿನ್ ಬಲಪಡಿಸಿ ಓಟಕ್ಕೆ ಇಳಿಸುತ್ತಾರೆ. ಮದರಾಸಿನ ಹತ್ತಿರದ ಶೋಲಾವರಂನಲ್ಲಿ, ಯುದ್ಧಕಾಲದ ಹಳೆಯ ವಿಮಾನ ಓಡುದಾರಿಯಲ್ಲಿ, ಒಂದು ಕಾಲದಲ್ಲಿ ನಮ್ಮ ದಾರಿಯ ಫಿಯೆಟ್ಟುಗಳೇ ಹೀಗೆ ಓಡುತ್ತಿದ್ದವು. ನೋಡುವವನಿಗೆ ಇದರಲ್ಲಿ ಒಂದು ಖುಷಿ ಉಂಟು. ಗೆದ್ದ ಕಾರು ತನ್ನ ನೆರೆಮನೆಯ ಅಂಗಳದಲ್ಲಿಯೂ ಇದೆ ಎಂಬ ಖುಷಿ.

ನನ್ನ ಮೇಜಿನ ಮೇಲಿರುವುದು ಜಪಾನಿನ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್. 1989ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯನ್ನು ತಿಳಿದವರು ಆರ್32 ಎಂಬ ಸಂಕೇತದಿಂದ ಕರೆಯುತ್ತಾರೆ. ಆ ಕಾಲದಲ್ಲಿ ಟೂರಿಂಗ್ ಕಾರುಗಳು ಗ್ರೂಪ್ ಎ ಎಂಬ ನಿಯಮದಡಿ ಓಡುತ್ತಿದ್ದವು. ನಿಯಮದ ತಿರುಳು ಇಷ್ಟೆ: ರೇಸಿಗೆ ತರುವ ಕಾರನ್ನು ಹನ್ನೆರಡು ತಿಂಗಳಲ್ಲಿ 5,000 ಆದರೂ ತಯಾರಿಸಿರಬೇಕು. ಅಂದರೆ ರೇಸಿಗೆಂದೇ ಒಂದೆರಡು ಕಾರು ಕದ್ದು ತಯಾರಿಸುವ ಹಾಗಿಲ್ಲ. ಸುಧಾರಿಸಿದ ರೂಪ ಬೇಕಿದ್ದರೆ ಅದನ್ನೂ 500 ತಯಾರಿಸಬೇಕು. ಅದಕ್ಕಾಗಿಯೇ ನಿಸ್ಸಾನ್ 1990ರಲ್ಲಿ ನಿಸ್ಮೋ ಎಂಬ ವಿಶೇಷ ಸ್ಕೈಲೈನ್ ಹೊರತಂದಿತು. ಅದರ ಮುಂದಿನ ಬಂಪರಿನಲ್ಲಿ ಗಾಳಿ ನುಗ್ಗಲು ಎರಡು ಸಣ್ಣ ಕಿಂಡಿಗಳಿದ್ದವು. ರೇಸ್ ಕಾರಿನ ಮಾದರಿ ಕಟ್ಟುವಾಗ ಆ ಎರಡು ಕಿಂಡಿಗಳು ಇವೆಯೇ ಎಂದು ನೋಡಬೇಕು. ಅವು ಅಲಂಕಾರವಲ್ಲ, ನಿಯಮದ ಗುರುತು.

ಈ ಕಾರಿನ ಇಂಜಿನ್ನಿನಲ್ಲಿ ಲೆಕ್ಕದ ಒಂದು ಜಾಣತನವಿದೆ. ಬ್ಯಾಂಕಿನಲ್ಲಿ ಲೆಕ್ಕ ಬರೆದೇ ಆಯುಷ್ಯ ಸವೆಸಿದ ನನಗೆ ಮೊದಲು ಹಿಡಿಸಿದ್ದು ಅದೇ. ಟರ್ಬೊ ಇರುವ ಇಂಜಿನ್ನಿನ ಗಾತ್ರವನ್ನು 1.7ರಿಂದ ಗುಣಿಸಿ ಯಾವ ವರ್ಗವೆಂದು ತೀರ್ಮಾನಿಸುತ್ತಿದ್ದರು. ಈ ಕಾರಿನ ಆರು ಸಿಲಿಂಡರಿನ ಇಂಜಿನ್ 2,568 ಸಿ.ಸಿ. ಅದನ್ನು 1.7ರಿಂದ ಗುಣಿಸಿ ನೋಡಿ, 4,366 ಬರುತ್ತದೆ. ವರ್ಗದ ಮಿತಿ 4,500. ಅಂದರೆ ಮಿತಿಯ ಒಳಗೇ ನಿಂತು, ಆ ವರ್ಗದಲ್ಲಿ ಸಿಗುವ ಅಗಲ ಟಯರನ್ನು ಪಡೆಯುವ ಲೆಕ್ಕಾಚಾರ. ಜೊತೆಗೆ ಹಿಂದಿನ ಚಕ್ರ ಜಾರಿದರೆ ಶಕ್ತಿಯ ಒಂದು ಪಾಲನ್ನು ತಾನಾಗಿ ಮುಂದಿನ ಚಕ್ರಕ್ಕೆ ಕಳುಹಿಸುವ ವ್ಯವಸ್ಥೆ. ರಸ್ತೆಯ ಕಾರಿಗೆ 280 ಅಶ್ವಶಕ್ತಿ. ರೇಸಿನಲ್ಲಿ ಅದು 500 ದಾಟಿತ್ತು.

ಪರಿಣಾಮ ಏನಾಯಿತು? ಜಪಾನಿನ ಟೂರಿಂಗ್ ಕಾರ್ ಪಂದ್ಯಾವಳಿಯಲ್ಲಿ 1990ರಿಂದ 1993ರವರೆಗೆ 29 ರೇಸ್‌ಗಳು ನಡೆದವು. ಇಪ್ಪತ್ತೊಂಬತ್ತನ್ನೂ ಸ್ಕೈಲೈನೇ ಗೆದ್ದಿತು. 1990ರ ಮೊದಲ ಪ್ರಶಸ್ತಿ ಪಡೆದವರು ಕಜುಯೋಶಿ ಹೋಶಿನೋ ಮತ್ತು ತೋಶಿಯೋ ಸುಜುಕಿ. ಅವರ ಕಾರಿಗೆ ಕ್ಯಾಲ್ಸಾನಿಕ್ ಎಂಬ ಬಿಡಿಭಾಗಗಳ ಕಂಪನಿಯ ಪ್ರಾಯೋಜನೆ, ಮೈತುಂಬ ನೀಲಿ ಬಣ್ಣ, ಬಾಗಿಲ ಮೇಲೆ 12 ಎಂಬ ಅಂಕಿ. ನಾನು ಕಟ್ಟಿದ್ದು ಆ ನೀಲಿ ಕಾರನ್ನೇ.

ಈ ಗೆಲುವಿನ ಇನ್ನೊಂದು ಮುಖವನ್ನೂ ಹೇಳಬೇಕು. ಇದೇ ಸ್ಕೈಲೈನ್ ಆಸ್ಟ್ರೇಲಿಯಾಕ್ಕೂ ಹೋಯಿತು. ಅಲ್ಲಿ ಬಾಥರ್ಸ್ಟ್ ಎಂಬಲ್ಲಿ ಗುಡ್ಡ ಹತ್ತಿ ಇಳಿಯುವ ದಾರಿಯಲ್ಲಿ ವರ್ಷಕ್ಕೊಮ್ಮೆ 1,000 ಕಿಲೋಮೀಟರಿನ ರೇಸ್ ನಡೆಯುತ್ತದೆ. 1991ರಲ್ಲಿ ಜಿಮ್ ರಿಚರ್ಡ್ಸ್ ಮತ್ತು ಮಾರ್ಕ್ ಸ್ಕೈಫ್ ಸ್ಕೈಲೈನಿನಲ್ಲಿ ಗೆದ್ದರು. 1992ರಲ್ಲಿ ಜಡಿಮಳೆ ಸುರಿದು ಕಾರುಗಳು ಒಂದರ ಮೇಲೊಂದು ಜಾರಿದವು. ಗೆಲ್ಲುತ್ತಿದ್ದ ಸ್ಕೈಲೈನೂ ಜಾರಿ ಜಖಂಗೊಂಡಿತು. ರೇಸ್ ನಿಲ್ಲಿಸಿ ಹಿಂದಿನ ಸುತ್ತಿನ ಸ್ಥಾನ ಎಣಿಸಿದಾಗ ಅವರೇ ಗೆದ್ದವರೆಂದು ಘೋಷಣೆಯಾಯಿತು. ಜನ ಕೂಗಿ ಹೀಯಾಳಿಸಿದರು. ಅದೇ ದಿನ ಅದೇ ರೇಸಿನಲ್ಲಿ 1967ರ ಫಾರ್ಮುಲಾ ಒನ್ ವಿಶ್ವವಿಜೇತ ಡೆನ್ನಿ ಹಲ್ಮ್ ಕಾರು ಓಡಿಸುತ್ತಿರುವಾಗಲೇ ಹೃದಯಾಘಾತದಿಂದ ತೀರಿಕೊಂಡಿದ್ದರು. ರಿಚರ್ಡ್ಸರಂತೆ ಅವರೂ ನ್ಯೂಜಿಲೆಂಡಿನವರು. ಆ ಸಾವಿನ ಸುದ್ದಿ ಹೊತ್ತು ರಿಚರ್ಡ್ಸ್ ವಿಜಯವೇದಿಕೆಯಲ್ಲಿ ನಿಂತು ಬೈಗುಳ ಕೇಳಬೇಕಾಯಿತು. ಮುಂದಿನ ವರ್ಷದಿಂದ ಆಸ್ಟ್ರೇಲಿಯಾ ಗ್ರೂಪ್ ಎ ನಿಯಮವನ್ನೇ ಕೈಬಿಟ್ಟಿತು. ಜಪಾನಿನಲ್ಲಿಯೂ 1993ಕ್ಕೆ ಅದು ಮುಗಿಯಿತು. ಒಬ್ಬನೇ ಗೆಲ್ಲುವ ಆಟಕ್ಕೆ ಎದುರಾಳಿಗಳು ಎಷ್ಟು ದಿನ ಬಂದಾರು? ಎಲ್ಲರನ್ನೂ ಸೋಲಿಸಿದ ಕಾರು ಕೊನೆಗೆ ತನಗೆ ಓಡಲು ಅಂಗಳವೇ ಇಲ್ಲದ ಹಾಗೆ ಮಾಡಿಕೊಂಡಿತು. ಮೇಜಿನ ಮೇಲೆ ಕಟ್ಟುತ್ತಿರುವುದು ಯಾವುದನ್ನು ಎಂದು ಗೊತ್ತಿದ್ದರೆ ಕೈಗೆ ಒಂದು ಗೌರವ ಬರುತ್ತದೆ ಎಂದು ಇಷ್ಟು ಹೇಳಿದೆ.

ಇನ್ನು ಕಿಟ್ಟಿನ ವಿಷಯ. ಇದರ ತಯಾರಕರು ತಮಿಯಾ ಎಂಬ ಕಂಪನಿ. ಜಪಾನಿನ ಶಿಜುವೊಕಾ ಊರಿನಲ್ಲಿ 1946ರಲ್ಲಿ ಯೋಶಿಯೊ ತಮಿಯಾ ಎಂಬವರು ಆರಂಭಿಸಿದಾಗ ಅದು ನಮ್ಮ ಕಡೆಯ ಮರದ ಮಿಲ್ಲಿನ ಹಾಗೆ ಮರ ಕೊಯ್ಯುವ ಸಂಸ್ಥೆ. ಮರದ ದಾಸ್ತಾನು ಬೆಂಕಿಗೆ ಆಹುತಿಯಾದ ಮೇಲೆ ಮರದ ಮಾದರಿಗಳ ಕಡೆಗೆ ತಿರುಗಿದರು. 1960ರಲ್ಲಿ ಯಮಾಟೊ ಎಂಬ ಯುದ್ಧನೌಕೆಯ ಮಾದರಿಯಿಂದ ಪ್ಲಾಸ್ಟಿಕ್ಕಿಗೆ ಕಾಲಿಟ್ಟರು. ಪೆಟ್ಟಿಗೆಯ ಮೇಲೆ ಒಂದು ಕೆಂಪು, ಒಂದು ನೀಲಿ ನಕ್ಷತ್ರ ಇದ್ದರೆ ಅದು ಅವರದು.

ಭಾಗಗಳು ತಯಾರಾಗುವ ರೀತಿ ಹೀಗೆ. ಉಕ್ಕಿನ ಎರಡು ಅಚ್ಚುಗಳನ್ನು ಒಂದರ ಮೇಲೊಂದು ಒತ್ತಿ ಹಿಡಿದು, ಕರಗಿದ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಒಳಗೆ ಒತ್ತಡದಿಂದ ನುಗ್ಗಿಸುತ್ತಾರೆ. ಅದು ಹರಿದು ಹೋಗುವ ಕಾಲುವೆಗಳೇ ತಣಿದ ಮೇಲೆ ಚೌಕಟ್ಟಾಗುತ್ತವೆ. ತೋಟದ ಕಣಿಯಲ್ಲಿ ನೀರು ಹರಿದು ಪ್ರತಿ ಅಡಿಕೆ ಮರದ ಬುಡಕ್ಕೆ ಮುಟ್ಟುವ ಹಾಗೆ ಎಂದು ತಿಳಿಯಿರಿ. ಇದರಿಂದ ಮೂರು ಸಂಗತಿಗಳು ತಿಳಿಯುತ್ತವೆ. ಭಾಗ ಚೌಕಟ್ಟಿಗೆ ಅಂಟಿದ್ದ ಕಡೆ ಸಣ್ಣ ತೊಟ್ಟು ಉಳಿಯುತ್ತದೆ. ಎರಡು ಅಚ್ಚು ಕೂಡಿದ ಕಡೆ ಕೂದಲೆಳೆಯ ಗೆರೆ ಉಳಿಯುತ್ತದೆ. ಅಚ್ಚಿನಿಂದ ಬಿಡಿಸಿಕೊಳ್ಳಲು ಬಳಸಿದ ಜಿಡ್ಡಿನ ಅಂಶವೂ ಮೇಲ್ಮೈಯಲ್ಲಿ ಉಳಿದಿರಬಹುದು. ಕಟ್ಟುವವನ ಅರ್ಧ ಕೆಲಸ ಈ ಮೂರನ್ನು ನಿವಾರಿಸುವುದೇ.

ಅಳತೆಯ ಲೆಕ್ಕ ನೋಡೋಣ. ಕಾರುಗಳಿಗೆ ಸಾಮಾನ್ಯ ಅಳತೆ 24ಕ್ಕೆ 1. ಅಡಿಗೆ ಅರ್ಧ ಅಂಗುಲ ಎಂದರೆ ಹಿರಿಯರಿಗೆ ಬೇಗ ಅರ್ಥವಾದೀತು. ನಿಜವಾದ ಕಾರಿನ ಉದ್ದ 4,545 ಮಿಲಿಮೀಟರ್. 24ರಿಂದ ಭಾಗಿಸಿದರೆ 189. ಅಗಲ 1,755, ಭಾಗಿಸಿದರೆ 73. ಆದರೆ ತೂಕ 24ರಿಂದ ಭಾಗಿಸಿದರೆ ಬರುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 24ನ್ನು ಮೂರು ಸಲ ಗುಣಿಸಬೇಕು. ಅದು 13,824. 1,260 ಕಿಲೋ ತೂಕದ ರೇಸ್ ಕಾರು ಆ ಲೆಕ್ಕದಲ್ಲಿ ಬರೇ 91 ಗ್ರಾಮ್.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಮಾದರಿಯ ಮೇಲೆ ನೀವು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ದಪ್ಪಕ್ಕೆ ಬಣ್ಣ ಬಳಿದರೆ, ನಿಜವಾದ ಕಾರಿನ ಮೇಲೆ ಅದು ಎರಡೂವರೆ ಮಿಲಿಮೀಟರ್ ದಪ್ಪದ ಗಾರೆ ಮೆತ್ತಿದ ಹಾಗೆ. ಬಾಗಿಲಿನ ಸಂದು, ಬಾನೆಟ್ಟಿನ ಅಂಚು ಎಲ್ಲ ತುಂಬಿಹೋಗುತ್ತದೆ. ಒಂದು ತಲೆಕೂದಲು ಬಣ್ಣದಲ್ಲಿ ಸಿಕ್ಕಿದರೆ ಕಾರಿನ ಮೇಲೆ ಹಗ್ಗ ಬಿದ್ದ ಹಾಗೆ ಕಾಣುತ್ತದೆ. ಮಾದರಿ ಕಟ್ಟುವವರು ತೆಳ್ಳಗೆ, ತೆಳ್ಳಗೆ ಎಂದು ಜಪಿಸುವುದು ಯಾಕೆ ಎಂದು ಈಗ ಗೊತ್ತಾಯಿತಲ್ಲ?

ಬೇಕಾದ ಸಾಮಾನು ಹೆಚ್ಚಿಲ್ಲ. ಮೊನಚಾದ ಸಣ್ಣ ಕಟ್ಟರು, ಹರಿತವಾದ ಚೂರಿ, ಚಿಮಟ, 400ರಿಂದ 2000ದವರೆಗಿನ ವಾಟರ್ ಪೇಪರು, ಮಾದರಿಗೆಂದೇ ಸಿಗುವ ತೆಳು ಅಂಟು, ಬಿಳಿ ಅಂಟು, ಮಾಸ್ಕಿಂಗ್ ಟೇಪು, ಬಣ್ಣದ ಸ್ಪ್ರೇ ಡಬ್ಬಿಗಳು, ಎರಡು ಕುಂಚ, ಹತ್ತಾರು ಬಟ್ಟೆ ಕ್ಲಿಪ್ಪು. ನನ್ನ ವಯಸ್ಸಿನವರಿಗೆ ಭೂತಗನ್ನಡಿಯೂ ಬೇಕು. ಈ ಬಣ್ಣ ಮತ್ತು ಅಂಟಿನ ಆವಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಬೆಂಕಿಯೂ ಬೇಗ ಹಿಡಿಯುತ್ತದೆ. ಕಿಟಕಿ ತೆರೆದಿಡಿ, ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ, ಒಲೆ ಮತ್ತು ದೇವರ ದೀಪದಿಂದ ದೂರ ಇರಿ. ಮಕ್ಕಳು ಮಾಡುವುದಾದರೆ ಚೂರಿಯ ಕೆಲಸ ಹಿರಿಯರ ಕೈಯಲ್ಲಿರಲಿ.

ಸೂಚನಾಪತ್ರ ಜಪಾನಿ ಭಾಷೆಯಲ್ಲಿದೆ, ಪಕ್ಕದಲ್ಲಿ ಇಂಗ್ಲಿಷೂ ಇದೆ ಎಂದು ಅಂಜಬೇಡಿ. ಅಲ್ಲಿ ಮಾತಿಗಿಂತ ಚಿತ್ರವೇ ಹೆಚ್ಚು. ಬಸ್ಸಿನ ಬೋರ್ಡನ್ನು ಮಲಯಾಳದಲ್ಲಿ ಓದಿ, ಟಿಕೇಟನ್ನು ಕನ್ನಡದಲ್ಲಿ ಕೇಳಿ, ಆಫೀಸಿನ ಅರ್ಜಿಯನ್ನು ಇಂಗ್ಲಿಷಿನಲ್ಲಿ ತುಂಬಿಸುವ ಗಡಿನಾಡಿನವರಿಗೆ ಗುರುತು ಲಿಪಿಯ ನಡುವೆ ದಾರಿ ಹುಡುಕುವುದು ಹೊಸತೇ? ಪ್ರತಿ ಭಾಗಕ್ಕೂ ಒಂದು ಅಕ್ಷರ, ಒಂದು ಅಂಕಿ. ಅಕ್ಷರ ಚೌಕಟ್ಟಿನದು, ಅಂಕಿ ಭಾಗದ್ದು. ಬಾಣದ ಗುರುತು ಎಲ್ಲಿ ಕೂರಬೇಕೆಂದು ತೋರಿಸುತ್ತದೆ. ಮೊದಲ ದಿನ ಅಂಟಿನ ಬಾಟಲಿ ಮುಟ್ಟಲೇಬೇಡಿ. ಪತ್ರವನ್ನು ಆದಿಯಿಂದ ಅಂತ್ಯದವರೆಗೆ ಓದಿ, ಭಾಗಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ. ಸಂಜೆ ಕ್ಯಾಶ್ ತಾಳೆಯಾಗದೆ ನಾವು ಬ್ಯಾಂಕಿನ ಬಾಗಿಲು ಹಾಕುತ್ತಿರಲಿಲ್ಲ. ಇಲ್ಲಿಯೂ ಅದೇ ನಿಯಮ. ಬಳಿಕ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಎಲ್ಲ ಚೌಕಟ್ಟುಗಳನ್ನು ತೊಳೆದು ನೆರಳಲ್ಲಿ ಒಣಗಿಸಿ. ಬಿಸಿನೀರು ಬೇಡ, ಪ್ಲಾಸ್ಟಿಕ್ಕು ಡೊಂಕಾಗುತ್ತದೆ.

ಭಾಗವನ್ನು ಎಂದೂ ತಿರುಚಿ ಕೀಳಬೇಡಿ. ಮಕ್ಕಳು ಮಾಡುವ ಮೊದಲ ತಪ್ಪು ಅದು. ಎರಡು ಸಲ ಕತ್ತರಿಸಿ. ಮೊದಲು ಭಾಗದಿಂದ ಸ್ವಲ್ಪ ದೂರದಲ್ಲಿ, ಆಮೇಲೆ ಉಳಿದ ತೊಟ್ಟನ್ನು ಹತ್ತಿರದಲ್ಲಿ. ಕೊನೆಗೆ ವಾಟರ್ ಪೇಪರಿನಲ್ಲಿ ಉಜ್ಜಿ. ಬೇಕಾದಾಗ ಬೇಕಾದ ಭಾಗವನ್ನಷ್ಟೇ ಬಿಡಿಸಿ. ಒಟ್ಟಿಗೇ ಬಿಡಿಸಿ ರಾಶಿ ಹಾಕಿದರೆ ಯಾವುದು ಯಾವ ಅಂಕಿ ಎಂದು ಬ್ರಹ್ಮನಿಗೂ ಹೇಳಲು ಆಗದು.

ಅಂಟಿನ ಗುಣ ತಿಳಿದಿರಬೇಕು. ಮಾದರಿಯ ತೆಳು ಅಂಟು ನಿಜವಾಗಿ ಅಂಟೇ ಅಲ್ಲ, ದ್ರಾವಕ. ಅದು ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ದ್ರಾವಕ ಆರಿಹೋದಾಗ ಎರಡೂ ಒಂದೇ ತುಂಡಾಗಿ ಬೆಸೆಯುತ್ತವೆ. ಆದ್ದರಿಂದ ಬಣ್ಣ ಬಳಿದ ಮೇಲ್ಮೈಯಲ್ಲಿ ಅದು ಹಿಡಿಯುವುದಿಲ್ಲ. ಜೋಡಿಸುವ ಜಾಗದ ಬಣ್ಣವನ್ನು ಮೊದಲು ಕೆರೆದು ತೆಗೆಯಬೇಕು. ಭಾಗಗಳನ್ನು ಕೂಡಿಸಿ ಹಿಡಿದು, ಸಂದಿಗೆ ಕುಂಚದ ತುದಿ ತಾಗಿಸಿದರೆ ಸಾಕು, ಅಂಟು ತಾನೇ ಒಳಗೆ ಹರಿಯುತ್ತದೆ. ಒಮ್ಮೆ ಬೆಸೆದದ್ದನ್ನು ಬಿಡಿಸಲು ಬರುವುದಿಲ್ಲ. ಆದ್ದರಿಂದ ಪ್ರತಿಯೊಂದನ್ನೂ ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡುವುದು ಕಡ್ಡಾಯ. ಮುಖ್ಯವಾಗಿ ಒಳಗಿನ ಕೊಳವೆಗಳ ಪಂಜರ. ನಿಜವಾದ ಕಾರಿನಲ್ಲಿ ಅದು ಮಗುಚಿದಾಗ ಚಾಲಕನ ಜೀವ ಉಳಿಸುತ್ತದೆ. ಮಾದರಿಯಲ್ಲಿ ಅದು ಒಂದು ಮಿಲಿಮೀಟರ್ ವಾರೆಯಾದರೂ ಮೇಲಿನ ಕವಚ ಕೂರುವುದಿಲ್ಲ.

ಬಣ್ಣದ ಕೆಲಸವೇ ಹೃದಯ. ಮೊದಲು ಕವಚದ ಮೇಲಿನ ಅಚ್ಚಿನ ಗೆರೆಯನ್ನು ನೀರು ಹಾಕಿ ಉಜ್ಜಿ ಅಳಿಸಬೇಕು. ಬಳಿಕ ಪ್ರೈಮರ್. ಅದು ಒಣಗಿದಾಗ ಎಲ್ಲ ಗೀರುಗಳೂ ಎದ್ದು ಕಾಣುತ್ತವೆ. ಮತ್ತೆ ಉಜ್ಜಿ, ಮತ್ತೆ ಪ್ರೈಮರ್. ಆಮೇಲೆ ನೀಲಿ. ಡಬ್ಬಿಯನ್ನು ಸುಮಾರು ಒಂದು ಗೇಣು ದೂರ ಹಿಡಿದು, ಕಾರಿನ ಹೊರಗಿನಿಂದ ಸಿಂಪಡಿಸಲು ಆರಂಭಿಸಿ, ಮೇಲೆ ಹಾದು, ಆಚೆ ದಾಟಿದ ಮೇಲೆಯೇ ನಿಲ್ಲಿಸಬೇಕು. ಮೊದಲ ಸಲ ಬರೇ ಮಂಜು ಬಿದ್ದ ಹಾಗೆ. ಅಡಿಯ ಬಿಳಿ ಕಾಣುತ್ತಿದ್ದರೂ ಪರವಾಗಿಲ್ಲ. ಒಣಗಿದ ಮೇಲೆ ಎರಡನೆಯದು, ಮೂರನೆಯದು. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಚುಟ್ಟಿ ಇಡುವುದನ್ನು ನೀವು ನೋಡಿರುತ್ತೀರಿ. ಅಡಿಯದು ಆರದೆ ಮೇಲಿನದು ಇಟ್ಟರೆ ರಂಗಕ್ಕೆ ಬರುವ ಮೊದಲೇ ಮುಖ ಬಿರಿಯುತ್ತದೆ. ಇಲ್ಲಿಯೂ ಹಾಗೆಯೇ.

ನಮ್ಮ ಕರಾವಳಿಯವರಿಗೆ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಸ್ಪ್ರೇ ಬಣ್ಣ ಹೊಡೆಯಬೇಡಿ. ಬಣ್ಣದ ದ್ರಾವಕ ಆರುವಾಗ ಮೇಲ್ಮೈ ತಂಪಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಂಪಿಗೆ ನೀರು ಕೂತು ಬಣ್ಣ ಬೂದಿ ಬಳಿದ ಹಾಗೆ ಬಿಳಿಚುತ್ತದೆ. ಆಟಿ ತಿಂಗಳಲ್ಲಿ ಭಾಗ ಬಿಡಿಸುವುದು, ಉಜ್ಜುವುದು, ಒಳಗಿನ ಜೋಡಣೆ ಮಾಡಿಕೊಳ್ಳಿ. ಕವಚಕ್ಕೆ ಬಣ್ಣ ಬಿಸಿಲು ಬಂದ ಮೇಲೆ ಇರಲಿ.

ಬಣ್ಣ ಒಣಗುವಾಗ ಕೈ ಕಟ್ಟಿ ಕೂರಬೇಕಾಗಿಲ್ಲ. ತಳಭಾಗ, ಸಸ್ಪೆನ್ಶನ್, ಚಕ್ರ, ಒಳಾಂಗಣ ಇವನ್ನು ಕಟ್ಟಬಹುದು. ಜಪಾನಿನಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಬದಿಯಲ್ಲೇ ಓಡಾಟ. ಹಾಗಾಗಿ ಚಾಲಕನ ಸೀಟು ಬಲಕ್ಕೆ. ಸೀಟಿನ ಬೆಲ್ಟು, ಬೆಂಕಿ ಆರಿಸುವ ಸಿಲಿಂಡರು, ಗೇರಿನ ಗುಂಡಿ ಎಲ್ಲಕ್ಕೂ ಕುಂಚದಿಂದ ಬಣ್ಣ. ಕವಚ ಮುಚ್ಚಿದ ಮೇಲೆ ಇದರಲ್ಲಿ ಮುಕ್ಕಾಲು ಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಮತ್ತೆ ಯಾಕೆ ಇಷ್ಟು ಕಷ್ಟ ಎಂದು ನನ್ನ ಹೆಂಡತಿಯೇ ಕೇಳಿದ್ದಳು. ಲೆಡ್ಜರಿನ ಒಳಪುಟಗಳನ್ನೂ ಯಾರೂ ತೆರೆದು ನೋಡುವುದಿಲ್ಲ. ಆದರೆ ಮೇಲಿನ ಮೊತ್ತ ಸರಿ ಬರುವುದು ಒಳಪುಟ ಸರಿ ಇದ್ದರೆ ಮಾತ್ರ.

ಇನ್ನು ಅಕ್ಷರದ ಹಾಳೆ. ಇದಕ್ಕೆ ಡೆಕಾಲ್ ಎನ್ನುತ್ತಾರೆ. ಬೇಕಾದ ಚಿತ್ರವನ್ನು ಕತ್ತರಿಸಿ ನೀರಿನಲ್ಲಿ ಹತ್ತು ಹದಿನೈದು ಸೆಕೆಂಡು ಅದ್ದಿ, ಬಟ್ಟೆಯ ಮೇಲೆ ಒಂದು ನಿಮಿಷ ಇಟ್ಟರೆ ಕಾಗದದಿಂದ ಜಾರಲು ಸಿದ್ಧವಾಗುತ್ತದೆ. ಕಾರಿನ ಮೇಲೆ ಒಂದು ಹನಿ ನೀರು ಹಾಕಿ, ಚಿತ್ರವನ್ನು ಬೆರಳಿನಿಂದಲ್ಲ, ಒದ್ದೆ ಕುಂಚದಿಂದ ಜಾರಿಸಿ ಕೂರಿಸಬೇಕು. ಬಳಿಕ ನಡುವಿನಿಂದ ಅಂಚಿಗೆ ಒತ್ತಿ ನೀರು, ಗುಳ್ಳೆ ಹೊರಡಿಸಬೇಕು. ನೀಲಿಯ ಮೇಲೆ ಕ್ಯಾಲ್ಸಾನಿಕ್ ಎಂಬ ಬಿಳಿ ಅಕ್ಷರ ಸಾಲು ತಪ್ಪಿದರೆ ದೂರದಿಂದಲೇ ಕಾಣುತ್ತದೆ. ಒಂದು ದಿನಕ್ಕೆ ಒಂದು ಬದಿ ಸಾಕು. ಪೆಟ್ಟಿಗೆ ಹಳೆಯದಾಗಿ ಹಾಳೆ ಹಳದಿಗಟ್ಟಿದ್ದರೆ ಅದನ್ನು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ದಿನ ಅಂಟಿಸಿಟ್ಟರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಎಲ್ಲ ಒಣಗಿದ ಮೇಲೆ ಹೊಳಪಿನ ವಾರ್ನಿಷು. ಅದೂ ಮೊದಲು ಮಂಜಿನ ಹಾಗೆ. ಒಮ್ಮೆಲೇ ಒದ್ದೆಯಾಗಿ ಹೊಡೆದರೆ ಅದರ ದ್ರಾವಕ ಅಕ್ಷರಗಳನ್ನೇ ಸುಕ್ಕುಗಟ್ಟಿಸುತ್ತದೆ.

ಕೊನೆಗೆ ಗಾಜು. ಇಲ್ಲಿ ನಾನು ಎಡವಿದ ಕತೆ ಹೇಳಬೇಕು.

ಈ ಕಿಟ್ಟನ್ನು ನನಗೆ ತಂದುಕೊಟ್ಟವನು ನನ್ನ ಸೋದರಳಿಯ. ಗಲ್ಫಿನಲ್ಲಿ ಕೆಲಸ. ಹುಡುಗನಾಗಿದ್ದಾಗ ಕಾರಿನ ಚಿತ್ರಗಳನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸುತ್ತಿದ್ದ. ರಜೆಯಲ್ಲಿ ಬಂದವನು, "ಮಾವ, ರಿಟೈರ್ ಆಗಿ ಸುಮ್ಮನೆ ಕೂತಿದ್ದೀರಲ್ಲ, ಇದನ್ನು ಕಟ್ಟಿ" ಎಂದು ಪೆಟ್ಟಿಗೆ ಇಟ್ಟ. ಅವನು ವಾಪಸು ಹೋಗುವ ಮೊದಲು ಮುಗಿಸಿ ತೋರಿಸಬೇಕೆಂಬ ಹಟ ನನಗೆ ಹತ್ತಿತು. ತಿಂಗಳ ಕೆಲಸವನ್ನು ಹೇಗೋ ಮೂರು ವಾರಕ್ಕೆ ತಂದೆ. ಹೊರಡುವ ಹಿಂದಿನ ಸಂಜೆ ಉಳಿದದ್ದು ಗಾಜು ಮಾತ್ರ. ಬಿಳಿ ಅಂಟು ಹಿಡಿಯಲು ರಾತ್ರಿ ಬೇಕು. ನಾನು ಕ್ಷಣದಲ್ಲಿ ಹಿಡಿಯುವ ತ್ವರಿತ ಅಂಟಿನ ಟ್ಯೂಬು ಕೈಗೆತ್ತಿಕೊಂಡೆ. ಗಾಜು ಕೂತಿತು. ನನಗೂ ಹೆಮ್ಮೆಯಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಮುಂದಿನ ಗಾಜು ಪೂರ್ತಿ ಕಣ್ಣಿಗೆ ಪೊರೆ ಬಂದ ಹಾಗೆ ಬಿಳಿಚಿತ್ತು.

ಅಂಟಿನದು ತಪ್ಪಲ್ಲ. ಆ ಜಾತಿಯ ಅಂಟಿನ ಆವಿ ಸಮೀಪದ ಮೇಲ್ಮೈಯಲ್ಲಿ ಬಿಳಿ ಪೊರೆಯಾಗಿ ಕೂರುತ್ತದೆ. ಪೊಲೀಸರು ಬೆರಳಚ್ಚು ಹುಡುಕಲು ಇದೇ ಗುಣವನ್ನು ಬಳಸುತ್ತಾರೆ. ನಾನು ಓದಿದ್ದ ಸೂಚನೆಯನ್ನೇ ಅವಸರದಲ್ಲಿ ಬದಿಗಿಟ್ಟಿದ್ದೆ. ಅಳಿಯ ಕಾರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ಅವಸರ ಏನಿತ್ತು ಮಾವ? ಮುಂದಿನ ರಜೆಗೆ ಬಂದಾಗ ನೋಡುತ್ತಿದ್ದೆನಲ್ಲ" ಎಂದ. ಟ್ಯಾಕ್ಸಿ ಬಂತು, ಹೋದ.

ಆಮೇಲೆ ನಾನು ಗಾಜನ್ನು ಮೆಲ್ಲನೆ ಬಿಡಿಸಿ, 2000ದ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಹಲ್ಲು ತಿಕ್ಕುವ ಪೇಸ್ಟಿನಿಂದ ಮೆತ್ತನೆಯ ಬಟ್ಟೆಯಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರ ತಿಕ್ಕಿದೆ. ಪೊರೆ ಹೋಯಿತು. ಚಾಲಕನ ಬದಿಯ ಕೆಳಮೂಲೆಯಲ್ಲಿ ಮಾತ್ರ ಒಂದಿಷ್ಟು ಉಳಿಯಿತು. ಇನ್ನೂ ತಿಕ್ಕಿದರೆ ಗಾಜು ಬಿರಿದೀತೆಂದು ಬಿಟ್ಟೆ. ಬಿಳಿ ಅಂಟಿನಲ್ಲಿ ಮತ್ತೆ ಕೂರಿಸಿ, ರಾತ್ರಿಯೆಲ್ಲ ಮುಟ್ಟಲಿಲ್ಲ. ಬಿಳಿ ಅಂಟು ಒಣಗಿದಾಗ ಪಾರದರ್ಶಕವಾಗುತ್ತದೆ, ಹೆಚ್ಚಾದರೆ ಒದ್ದೆ ಬಟ್ಟೆಯಿಂದ ಒರೆಸಬಹುದು. ಗಾಜಿಗೆ ಅದು ಬಿಟ್ಟು ಬೇರೆ ಬೇಡ.

ಇನ್ನು ಕನ್ನಡಿ, ವೈಪರು, ಹಿಂದಿನ ರೆಕ್ಕೆ, ದೀಪಗಳು. ಇವು ಮುರಿಯುವಂಥವು, ಎಲ್ಲಕ್ಕಿಂತ ಕೊನೆಗೆ ಇರಲಿ. ಮುಗಿದ ಕಾರನ್ನು ಬಿಸಿಲಿನಿಂದ, ಧೂಳಿನಿಂದ ದೂರ ಇಡಿ. ಒಂದು ಗಾಜಿನ ಪೆಟ್ಟಿಗೆ ಸಿಕ್ಕಿದರೆ ಒಳ್ಳೆಯದು.

ಹೊಸಬರಿಗೆ ಒಂದು ಮಾತು. ಒಳ್ಳೆಯ ಕಿಟ್ಟಿಗೆ ಬಣ್ಣ, ಅಂಟು ಸೇರಿ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ಮೊದಲನೆಯದಕ್ಕೆ ಅಷ್ಟು ಸುರಿಯಬೇಡಿ. ಅಂಟು ಬೇಡದ, ಒತ್ತಿದರೆ ಕೂರುವ ಸಣ್ಣ ಕಿಟ್ಟಿನಲ್ಲಿ ಕತ್ತರಿಸುವುದು, ಉಜ್ಜುವುದು ಕಲಿಯಿರಿ. ಬಣ್ಣ ಹೊಡೆಯುವ ಅಭ್ಯಾಸಕ್ಕೆ ಪ್ಲಾಸ್ಟಿಕ್ ಚಮಚ ಸಾಕು. ನಮ್ಮ ಊರುಗಳಲ್ಲಿ ಬೀಡಿ ಕಟ್ಟಿದ ಬೆರಳುಗಳಿವೆ, ಹೂ ಪೋಣಿಸಿದ ಬೆರಳುಗಳಿವೆ. ಸೂಕ್ಷ್ಮ ಕೆಲಸಕ್ಕೆ ಬೇಕಾದ ಹಿಡಿತ ನಮಗೆ ಹೊರಗಿನಿಂದ ಬರಬೇಕಾದ್ದಿಲ್ಲ. ಬರಬೇಕಾದ್ದು ಒಣಗುವವರೆಗೆ ಕಾಯುವ ಬುದ್ಧಿ ಒಂದೇ. ಅದನ್ನು ನಾನು ಕಲಿತದ್ದು ಅರುವತ್ತು ದಾಟಿದ ಮೇಲೆ.

ಮುಂದಿನ ರಜೆಗೆ ಅಳಿಯ ಬಂದ. ಬಂದವನೇ ಕಾರನ್ನು ಎತ್ತಿ ಬೆಳಕಿಗೆ ಹಿಡಿದು ಆ ಕೆಳಮೂಲೆಯನ್ನೇ ಹುಡುಕಿದ. ಬೇರೆ ಗಾಜು ತರಿಸಿಕೊಡಲೇ ಎಂದು ಕೇಳಿದ. ಬೇಡವೆಂದೆ. ಈಗ ನೆರೆಕರೆಯ ಮಕ್ಕಳು ಭಾನುವಾರ ನನ್ನ ಮೇಜಿನ ಸುತ್ತ ಕೂರುತ್ತಾರೆ. ಅಂಟಿನ ಪಾಠ ಬಂದಾಗ ನಾನು ಬೇರೇನೂ ಹೇಳುವುದಿಲ್ಲ, ನೀಲಿ ಕಾರನ್ನು ಕೈಗೆ ಕೊಟ್ಟು ಆ ಮೂಲೆಯನ್ನು ತೋರಿಸುತ್ತೇನೆ.